ಓದುಗರ ಪ್ರಶ್ನೆ: ಸ್ಮಾರ್ಟ್ ಸ್ಪೀಕರ್ ವೈಫೈಗೆ ಒಗ್ಗದಿದ್ದಾಗ

ಮಾತಿನಲ್ಲಿ ಕೇಳಿದ್ದಕ್ಕೆ ಉತ್ತರಿಸುವ ಸ್ಮಾರ್ಟ್ ಸ್ಪೀಕರುಗಳಾದ ಅಮೆಜಾನ್‌ನ ಎಕೋ 2017ರ ಅಕ್ಟೋಬರ್‌ನಲ್ಲಿ, ಗೂಗಲ್ ಹೋಮ್ 2018ರ ಏಪ್ರಿಲ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಅಲ್ಲಿಂದ ಈಚೆಗೆ ಮನೆಗಳಲ್ಲಿ ಫೋನ್ ಬದಲಾಗಿದೆ, ರೂಟರ್ ಬದಲಾಗಿದೆ, ತಾಮ್ರದ ತಂತಿ ಇದ್ದಲ್ಲಿಗೆ ಫೈಬರ್ ಬಂದಿದೆ. ಹಲವು ಮನೆಗಳಲ್ಲಿ ಸ್ಪೀಕರ್ ಮಾತ್ರ ಅದೇ ಹಳೆಯದು. ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಇಂಥ ಹೊಂದಾಣಿಕೆಯ ತೊಡಕುಗಳನ್ನೇ ಕುರಿತವಾದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೆ ಮೀಸಲಿಟ್ಟಿದ್ದೇವೆ. ಬರೆದವರಲ್ಲಿ ಬಹುತೇಕರು ಸ್ಪೀಕರನ್ನು ಒಮ್ಮೆಯಾದರೂ ಪೂರ್ತಿ ರೀಸೆಟ್ ಮಾಡಿ, ಅದರಿಂದಲೂ ಪ್ರಯೋಜನವಾಗದೆ ನಮಗೆ ಬರೆದಿದ್ದಾರೆ. ರೀಸೆಟ್ ಮಾಡಿದರೆ ಸ್ಪೀಕರಿನ ನೆನಪು ಅಳಿಯುತ್ತದೆಯೇ ಹೊರತು ದೋಷ ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಸ್ಪೀಕರಿಗೆ ಸಿಗುವ ವಿದ್ಯುತ್ತು, ಸ್ಪೀಕರಿನಿಂದ ರೂಟರ್‌ವರೆಗಿನ ವೈಫೈ, ರೂಟರಿನಿಂದ ಆಚೆಯ ಇಂಟರ್ನೆಟ್, ಅದರಾಚೆ ಇರುವ ಕಂಪನಿಯ ಸರ್ವರ್ ಎಂಬ ನಾಲ್ಕು ಕೊಂಡಿಗಳಲ್ಲಿ ಯಾವುದು ಕಳಚಿದೆ ಎಂಬುದನ್ನು ಮೊದಲು ಪತ್ತೆ ಮಾಡಬೇಕು. ಕೆಳಗಿನ ಉತ್ತರಗಳನ್ನು ಆ ದೃಷ್ಟಿಯಿಂದಲೇ ಬರೆದಿದ್ದೇವೆ.

ಪ್ರಶ್ನೆ: ಹೊಸದಾಗಿ ಕೊಂಡ ಎಕೋ ಡಾಟ್ ಸ್ಪೀಕರನ್ನು ಮನೆಯ ಫೈಬರ್ ಸಂಪರ್ಕಕ್ಕೆ ಜೋಡಿಸಲು ಹೊರಟಿದ್ದೇನೆ. ಫೋನಿನ ಆ್ಯಪ್ ಕೆಲವೊಮ್ಮೆ ಸ್ಪೀಕರನ್ನೇ ಕಾಣುವುದಿಲ್ಲ. ಕಂಡಾಗಲೂ ಪಾಸ್‌ವರ್ಡ್ ಕೊಟ್ಟ ಮೇಲೆ ಸಂಪರ್ಕ ಸಾಧ್ಯವಾಗಲಿಲ್ಲ ಎನ್ನುತ್ತದೆ. ಅದೇ ವೈಫೈನಲ್ಲಿ ಫೋನ್, ಟಿವಿ, ಲ್ಯಾಪ್‌ಟಾಪ್ ಎಲ್ಲವೂ ಸರಿಯಾಗಿ ನಡೆಯುತ್ತಿವೆ. ಸ್ಮಾರ್ಟ್ ಸ್ಪೀಕರುಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಜೋಡಣೆಯಾಗುತ್ತವೆ ಎಂದು ಪರಿಚಿತರೊಬ್ಬರು ಹೇಳಿದರು. ಅದು ನಿಜವೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಜವಲ್ಲ. ಎಕೋ ಡಾಟ್ ಆಗಲಿ, ಗೂಗಲ್ ಹೋಮ್ ಮಿನಿ, ನೆಸ್ಟ್ ಮಿನಿ ಆಗಲಿ ವೈಫೈನ ಎರಡು ತರಂಗಪಟ್ಟಿಗಳಾದ (ಬ್ಯಾಂಡ್) 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಜೋಡಣೆಯಾಗಬಲ್ಲವು. 2.4ಕ್ಕೆ ಮಾತ್ರ ಸೀಮಿತವಾಗಿರುವುದು ಅಗ್ಗದ ಸ್ಮಾರ್ಟ್ ಬಲ್ಬು, ಸ್ಮಾರ್ಟ್ ಪ್ಲಗ್‌ಗಳು. ಅವುಗಳ ವಿಷಯದಲ್ಲಿ ಕೇಳಿದ ಮಾತು ಸ್ಪೀಕರಿಗೂ ಅಂಟಿಕೊಂಡಿದೆ.

ನಿಮ್ಮದು ಬೇರೆ ಬೇರೆ ಹಂತಗಳ ಎರಡು ತೊಂದರೆಗಳು. ಮೊದಲನೆಯದು ಆ್ಯಪ್‌ಗೆ ಸ್ಪೀಕರ್ ಕಾಣದಿರುವುದು. ಯಾವ ವೈಫೈ ಹೆಸರನ್ನೂ ಅರಿಯದ ಹೊಸ ಸ್ಪೀಕರ್ ಸೆಟಪ್ ಸ್ಥಿತಿಯಲ್ಲಿರುವಾಗ ಅದರ ಮೇಲೆ ಕಿತ್ತಳೆ ಬಣ್ಣದ ಬೆಳಕು ಸುತ್ತುತ್ತಿರುತ್ತದೆ. ಆಗ ಅದು ಬ್ಲೂಟೂತ್ ಮೂಲಕವೋ ತಾನೇ ಸೃಷ್ಟಿಸಿದ ಚಿಕ್ಕ ವೈಫೈ ಮೂಲಕವೋ ಫೋನಿನೊಂದಿಗೆ ಮಾತನಾಡಿ, ನಿಮ್ಮ ಮನೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು ಪಡೆದುಕೊಳ್ಳುತ್ತದೆ. ಈ ತಾತ್ಕಾಲಿಕ ವೈಫೈನಲ್ಲಿ ಇಂಟರ್ನೆಟ್ ಇರುವುದಿಲ್ಲ. ಇಂಟರ್ನೆಟ್ ಇಲ್ಲದ್ದನ್ನು ಗಮನಿಸಿದ ಫೋನ್ ನಿಮಗೆ ಹೇಳದೆ ಮೊಬೈಲ್ ಡೇಟಾಕ್ಕೆ ಮರಳಿಬಿಡುತ್ತದೆ, ಮಾತುಕತೆ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ಸೆಟಪ್ ಮುಗಿಯುವವರೆಗೆ ಮೊಬೈಲ್ ಡೇಟಾವನ್ನೂ, ವಿಪಿಎನ್ ಇದ್ದರೆ ಅದನ್ನೂ ಆಫ್ ಮಾಡಿಡಿ. ಬ್ಲೂಟೂತ್ ಆನ್ ಆಗಿರಲಿ. ಆಂಡ್ರಾಯ್ಡ್ ಫೋನುಗಳಲ್ಲಿ ಆ್ಯಪ್‌ಗೆ ಲೊಕೇಶನ್ ಅನುಮತಿ ಇಲ್ಲದಿದ್ದರೆ ಅದು ಸುತ್ತಲಿನ ವೈಫೈ ಪಟ್ಟಿಯನ್ನು ಓದಲಾರದು. ಹೊಸ ಆವೃತ್ತಿಗಳಲ್ಲಿ ಹತ್ತಿರದ ಸಾಧನಗಳ ಅನುಮತಿಯನ್ನೂ ಕೇಳುತ್ತದೆ. ಐಫೋನಿನಲ್ಲಿ 2020ರ ಐಒಎಸ್ 14ರಿಂದ ಲೋಕಲ್ ನೆಟ್‌ವರ್ಕ್ ಎಂಬ ಪ್ರತ್ಯೇಕ ಅನುಮತಿ ಬಂದಿದೆ. ಮೊದಲ ಸಲ ಕೇಳಿದಾಗ ಅವಸರದಲ್ಲಿ ಬೇಡವೆಂದು ಒತ್ತಿದ್ದರೆ ಅದನ್ನು ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಕೊಡಬೇಕಾಗುತ್ತದೆ.

ಎರಡನೆಯ ತೊಂದರೆ, ಪಾಸ್‌ವರ್ಡ್ ಕೊಟ್ಟ ಬಳಿಕವೂ ಜೋಡಣೆಯಾಗದಿರುವುದು. ಅಕ್ಷರಗಳ ದೊಡ್ಡದು ಚಿಕ್ಕದೆಂಬ ವ್ಯತ್ಯಾಸವನ್ನು ಮೊದಲು ನೋಡಿಕೊಳ್ಳಿ. ರೂಟರಿನ ಹಿಂಬದಿಯ ಚೀಟಿಯಲ್ಲಿ ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ವ್ಯತ್ಯಾಸ ಕಾಣುವುದು ಕಷ್ಟ. ಅದು ಸರಿಯಿದ್ದರೆ ರೂಟರಿನ ಭದ್ರತೆಯ ಸೆಟ್ಟಿಂಗ್ ನೋಡಬೇಕು. 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ಕ್ರಮವನ್ನು ಮಾತ್ರ ಒಪ್ಪುವಂತೆ ರೂಟರನ್ನು ಇಟ್ಟಿದ್ದರೆ, ಅದನ್ನು ಅರಿಯದ ಸಾಧನಗಳಿಗೆ ಬಾಗಿಲು ಮುಚ್ಚಿದಂತೆಯೇ. ಅದಕ್ಕಿಂತ ಹಳೆಯ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡನ್ನೂ ಒಪ್ಪುವ ಮಿಶ್ರ ಆಯ್ಕೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದರಲ್ಲೂ ಆಗದಿದ್ದರೆ ತಾತ್ಕಾಲಿಕವಾಗಿ ಡಬ್ಲ್ಯುಪಿಎ2 ಮಾತ್ರ ಇಟ್ಟು ಪರೀಕ್ಷಿಸಿ.

ಇನ್ನೊಂದು ಕಾರಣವನ್ನು ಗಮನಿಸುವವರು ಕಡಿಮೆ. 5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು, ಎಂದರೆ ಬ್ಯಾಂಡಿನ ಸಂಖ್ಯೆಯಿಟ್ಟ ಚಿಕ್ಕ ಭಾಗಗಳನ್ನು, ವೈಫೈ ಜೊತೆಗೆ ರಾಡಾರುಗಳೂ ಬಳಸುತ್ತವೆ. ರಾಡಾರಿನ ಸುಳಿವು ಸಿಕ್ಕಿದ ಕೂಡಲೇ ರೂಟರ್ ಆ ಚಾನೆಲನ್ನು ತೆರವು ಮಾಡಬೇಕೆಂಬುದು ನಿಯಮ; ಮನೆಬಳಕೆಯ ಕೆಲವು ಸಾಧನಗಳು ಈ ಚಾನೆಲ್‌ಗಳ ಗೊಡವೆಗೇ ಹೋಗುವುದಿಲ್ಲ. ರೂಟರ್ ತಾನಾಗಿ ಚಾನೆಲ್ ಆರಿಸಿಕೊಳ್ಳುವಂತೆ ಇದ್ದಾಗ, ನಿನ್ನೆ ಸಿಕ್ಕ ವೈಫೈ ಇಂದು ಸ್ಪೀಕರಿಗೆ ಕಾಣದೆ ಹೋಗುವುದಕ್ಕೆ ಇದೂ ಒಂದು ಕಾರಣ. 5 ಗಿಗಾಹರ್ಟ್ಸ್‌ನ ಚಾನೆಲನ್ನು 36, 40, 44 ಅಥವಾ 48ಕ್ಕೆ ನಿಲ್ಲಿಸಿ ನೋಡಿ. 2.4ರಲ್ಲಾದರೆ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11.

ಇಷ್ಟೆಲ್ಲ ಸೆಟ್ಟಿಂಗ್ ಬದಲಿಸುವ ಮೊದಲು ಒಂದು ಸುಲಭ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿರುವ ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಸ್ಪೀಕರನ್ನು ಅದಕ್ಕೆ ಜೋಡಿಸಿ. ಜೋಡಣೆಯಾದರೆ ಸ್ಪೀಕರೂ ನಿಮ್ಮ ಆ್ಯಪೂ ನಿರ್ದೋಷಿಗಳು, ಹುಡುಕಬೇಕಾದದ್ದು ರೂಟರಿನಲ್ಲಿ. ಹಾಟ್‌ಸ್ಪಾಟ್‌ಗೂ ಜೋಡಣೆಯಾಗದಿದ್ದರೆ ಮಾತ್ರ ಸ್ಪೀಕರನ್ನೋ ಆ್ಯಪನ್ನೋ ಅನುಮಾನಿಸಿ.

ಪ್ರಶ್ನೆ: ನಮ್ಮದು ತೋಟದ ನಡುವಿನ ಹಳೆಯ ಮನೆ, ಗೋಡೆಗಳು ದಪ್ಪ ಕೆಂಪುಕಲ್ಲಿನವು. ರೂಟರ್ ಜಗಲಿಯಲ್ಲಿದೆ, ಸ್ಪೀಕರ್ ಅಡುಗೆಮನೆಯಲ್ಲಿದೆ. ಕರೆಂಟು ಹೋಗಿ ಬಂದಾಗಲೆಲ್ಲ ಸ್ಪೀಕರ್ ಇಂಟರ್ನೆಟ್ ಇಲ್ಲ ಎನ್ನುತ್ತದೆ. ಕರೆಂಟು ಇದ್ದಾಗಲೂ ಹಾಡು ನಡುವೆ ನಿಂತು ನಿಂತು ಬರುತ್ತದೆ. ಹೆಚ್ಚು ವೇಗದ ಪ್ಲ್ಯಾನ್ ಹಾಕಿಸಿದರೆ ಸರಿಹೋದೀತೇ?
— ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ದಯವಿಟ್ಟು ಪ್ಲ್ಯಾನ್ ಬದಲಿಸಬೇಡಿ. ಹಾಡು ಕೇಳಿಸುವ ಸೇವೆಗಳು ಸಾಮಾನ್ಯವಾಗಿ ಕಳಿಸುವುದು ಸೆಕೆಂಡಿಗೆ ಹೆಚ್ಚೆಂದರೆ 320 ಕಿಲೋಬಿಟ್. ಇಂದಿನ ಅತಿ ಚಿಕ್ಕ ಫೈಬರ್ ಪ್ಲ್ಯಾನ್ ಕೂಡ ಅದರ ಎಷ್ಟೋ ಪಟ್ಟು ಕೊಡುತ್ತದೆ. ನಿಮ್ಮಲ್ಲಿ ಇಂಟರ್ನೆಟ್ ಮನೆಯ ಜಗಲಿಯವರೆಗೆ ಸರಿಯಾಗಿಯೇ ಬರುತ್ತಿದೆ. ಜಗಲಿಯಿಂದ ಅಡುಗೆಮನೆಗೆ ತಲುಪುತ್ತಿಲ್ಲ, ಅಷ್ಟೆ.

ಮೊದಲು ಕರೆಂಟಿನ ವಿಷಯ ನೋಡೋಣ. ವಿದ್ಯುತ್ತು ಮರಳಿದಾಗ ಸ್ಪೀಕರ್ ಬೇಗ ಎದ್ದು ಕುಳಿತು ವೈಫೈ ಹುಡುಕತೊಡಗುತ್ತದೆ. ಫೈಬರ್ ಪೆಟ್ಟಿಗೆ ತಾನು ಎದ್ದು, ಆಚೆ ತುದಿಯ ಕೇಂದ್ರದೊಂದಿಗೆ ಬೆಳಕಿನ ಸಂಪರ್ಕ ಸಾಧಿಸಿ, ಲಾಗಿನ್ ಮುಗಿಸಿ, ಬಳಿಕ ವೈಫೈ ಹರಡಬೇಕಾದ್ದರಿಂದ ಅದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ಮೇಲೆ ಹೇಳಿದ ರಾಡಾರ್ ಚಾನೆಲ್‌ಗಳನ್ನು ರೂಟರ್ ಆರಿಸಿಕೊಂಡರೆ, ಅಲ್ಲಿ ರಾಡಾರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಕನಿಷ್ಠ 60 ಸೆಕೆಂಡು ಸುಮ್ಮನೆ ಆಲಿಸುತ್ತದೆ. ಸ್ಪೀಕರ್ ಮತ್ತೆ ಮತ್ತೆ ಪ್ರಯತ್ನಿಸಿ ತಾನಾಗಿ ಜೋಡಣೆಯಾಗಬೇಕು. ಹಾಗಾಗದಿದ್ದರೆ ರೂಟರಿನ ಇಂಟರ್ನೆಟ್ ದೀಪ ಸ್ಥಿರವಾದ ಬಳಿಕ ಸ್ಪೀಕರಿನ ಪ್ಲಗ್ಗನ್ನು ತೆಗೆದು, ಅರೆ ನಿಮಿಷ ಬಿಟ್ಟು ಹಾಕಿ. ರೀಸೆಟ್ ಬೇಕಿಲ್ಲ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಎಲ್ಲೋ ಮರದ ಕೊಂಬೆ ಬಿದ್ದು ಕೇಬಲ್ ತುಂಡಾಗಿರಬಹುದು. ಮಳೆಗಾಲದಲ್ಲಿ ನಿಮ್ಮ ಕಡೆ ಇದು ಹೊಸದೇನಲ್ಲ. ಆಗ ಸ್ಪೀಕರನ್ನು ಮುಟ್ಟದೆ ಸೇವಾದಾರರಿಗೆ ದೂರು ಕೊಡುವುದೊಂದೇ ದಾರಿ.

ಮೇಲಿಂದ ಮೇಲೆ ಕರೆಂಟು ಹೋಗುವ ಊರುಗಳಲ್ಲಿ ರೂಟರಿಗೆಂದೇ ಬರುವ ಚಿಕ್ಕ ಯುಪಿಎಸ್ ಉಪಯುಕ್ತ. ಫೈಬರ್ ಪೆಟ್ಟಿಗೆ, ರೂಟರುಗಳಲ್ಲಿ ಹೆಚ್ಚಿನವು 12 ವೋಲ್ಟ್‌ನವು. ಆದರೂ ಕೊಳ್ಳುವ ಮೊದಲು ನಿಮ್ಮ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಓದಿಕೊಳ್ಳಿ. ಫೈಬರ್ ಪೆಟ್ಟಿಗೆಯೂ ರೂಟರೂ ಬೇರೆ ಬೇರೆಯಾಗಿದ್ದರೆ ಎರಡಕ್ಕೂ ಯುಪಿಎಸ್ ಬೇಕು. ಒಂದಕ್ಕೆ ಮಾತ್ರ ಹಾಕಿ ಫಲವಿಲ್ಲ.

ಇನ್ನು ಗೋಡೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಸುಮಾರು ಅದರ ಅರ್ಧ. ಹೆಚ್ಚು ಆವರ್ತನದ ಅಲೆ ಗೋಡೆ ದಾಟುವಾಗ ಹೆಚ್ಚು ಸೊರಗುತ್ತದೆ, ಗೋಡೆ ತೇವವಾಗಿದ್ದರೆ ಇನ್ನೂ ಹೆಚ್ಚು. ಮಳೆಗಾಲದುದ್ದಕ್ಕೂ ನೀರು ಕುಡಿದು ನಿಂತ ಕೆಂಪುಕಲ್ಲಿನ ಎರಡು ಗೋಡೆಗಳ ಆಚೆ 5 ಗಿಗಾಹರ್ಟ್ಸ್ ನಿರೀಕ್ಷಿಸಬೇಡಿ. ಎರಡೂ ಬ್ಯಾಂಡ್‌ಗಳಿಗೆ ಒಂದೇ ಹೆಸರಿದ್ದರೆ, ರೂಟರಿನಲ್ಲಿ 2.4ಕ್ಕೆ ಬೇರೆ ಹೆಸರು ಕೊಟ್ಟು ಸ್ಪೀಕರನ್ನು ಅದಕ್ಕೇ ಜೋಡಿಸಿ. ಸ್ಪೀಕರಿಗೆ ಬೇಕಾದ ವೇಗ 2.4ರಲ್ಲಿ ಧಾರಾಳವಾಗಿ ಸಿಗುತ್ತದೆ. ಅಡುಗೆಮನೆಯಲ್ಲಿ ಮೈಕ್ರೋವೇವ್ ಒಲೆ ಇದ್ದರೆ ಅದೂ 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡುವುದರಿಂದ ಸ್ಪೀಕರನ್ನು ಅದರ ಪಕ್ಕದಲ್ಲಿ ಇಡಬೇಡಿ. ರೂಟರನ್ನು ಜಗಲಿಯಿಂದ ನಡುಮನೆಗೆ, ಎತ್ತರದ ಜಾಗಕ್ಕೆ, ಕಬ್ಬಿಣದ ಬೀರುವಿನ ಮರೆಯಿಲ್ಲದಲ್ಲಿಗೆ ಸರಿಸಲು ಸಾಧ್ಯವಾದರೆ ತೊಂದರೆಯ ದೊಡ್ಡ ಪಾಲು ಅಷ್ಟಕ್ಕೇ ನೀಗುತ್ತದೆ. ಸರಿಸಲಾಗದಿದ್ದರೆ ಅಂಗಡಿಯವರು ವೈಫೈ ಅಲೆಯನ್ನು ಹಿಡಿದು ಮತ್ತೆ ಹರಡುವ ರಿಪೀಟರ್ ಕೊಳ್ಳಲು ಹೇಳುತ್ತಾರೆ. ರಿಪೀಟರಿಗೂ ರೂಟರಿನ ಅಲೆ ಗೋಡೆ ದಾಟಿಯೇ ಬರಬೇಕು. ಹಾಗೆ ಸೊರಗಿ ಬಂದದ್ದನ್ನು ಅದೇ ಚಾನೆಲಿನಲ್ಲಿ ಮತ್ತೊಮ್ಮೆ ಹೇಳುವಾಗ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ನನ್ನ ಸಲಹೆಯೆಂದರೆ, ಮಾಡಿನ ಮರದ ತೊಲೆಯಗುಂಟ ಒಂದು ಲ್ಯಾನ್ ಕೇಬಲ್ ಎಳೆಸಿ, ಒಳಗೆ ಆ ಕೇಬಲಿನಿಂದ ಬಂದದ್ದನ್ನು ವೈಫೈಯಾಗಿ ಹರಡುವ ಆಕ್ಸೆಸ್ ಪಾಯಿಂಟ್ ಒಂದನ್ನು ಇಡಿಸಿ. ನೋಡಲು ಅಷ್ಟು ಚೆನ್ನಾಗಿರಲಿಕ್ಕಿಲ್ಲ, ಆದರೆ ವರ್ಷಗಟ್ಟಲೆ ತಕರಾರಿಲ್ಲದೆ ನಡೆಯುತ್ತದೆ.

ಪ್ರಶ್ನೆ: ಹಾಡಿನ ದನಿ ಹೆಚ್ಚಿಸಿದ ಕೂಡಲೇ ಸ್ಪೀಕರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ವೈಫೈ ದೋಷವಿರಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಇರಲಾರದು. ಸ್ಪೀಕರ್ ಜೊತೆ ಬಂದ ಅಡಾಪ್ಟರನ್ನೇ ಬಳಸುತ್ತಿದ್ದೀರಾ ಎಂದು ನೋಡಿ. ಯುಎಸ್‌ಬಿ ತಂತಿಯ ಹಳೆಯ ಮಾದರಿಗಳಿಗೆ ಕೈಗೆ ಸಿಕ್ಕ ಫೋನ್ ಚಾರ್ಜರ್ ಹಾಕುವುದು ಸಾಮಾನ್ಯ. 5 ವೋಲ್ಟ್, 1.8 ಆಂಪಿಯರ್ ಬೇಡುವ ಸ್ಪೀಕರಿಗೆ 1 ಆಂಪಿಯರಿನ ಚಾರ್ಜರ್ ಮೆಲುದನಿಯಲ್ಲಿ ಸಾಕಾಗುತ್ತದೆ, ದನಿ ಏರಿದಾಗ ಸಾಕಾಗುವುದಿಲ್ಲ.

ಪ್ರಶ್ನೆ: ಹಾಸ್ಟೆಲಿನ ವೈಫೈಗೆ ಸೇರಿದರೆ ಬ್ರೌಸರಿನಲ್ಲಿ ಒಂದು ಪುಟ ತೆರೆದುಕೊಂಡು ನನ್ನ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ಸ್ಪೀಕರಿನಲ್ಲಿ ಆ ಪುಟ ತೆರೆಯುವುದು ಹೇಗೆ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಪರದೆಯಿಲ್ಲದ ಸ್ಪೀಕರಿನಲ್ಲಿ ಅದನ್ನು ತೆರೆಯಲಾಗದು. ಗೂಗಲ್ ಸ್ಪೀಕರುಗಳು ಇಂಥ ಲಾಗಿನ್ ಪುಟದ ವೈಫೈಗಳಿಗೆ ಹೊಂದುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬಳಕೆದಾರ ಹೆಸರು ಕೊಡುವ ಎಂಟರ್‌ಪ್ರೈಸ್ ಮಾದರಿಯ ವೈಫೈಗಳಿಗೆ ಎಕೋ ಕೂಡ ಹೊಂದುವುದಿಲ್ಲ. ಕೆಲವು ಕಾಲೇಜುಗಳು ಸಾಧನದ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸವನ್ನು ನೋಂದಾಯಿಸಿಕೊಂಡು ಲಾಗಿನ್ ಇಲ್ಲದೆ ಬಿಡುತ್ತವೆ. ಊರಿಗೆ ಹೋದಾಗ ಮನೆಯ ವೈಫೈನಲ್ಲಿ ಸೆಟಪ್ ಮುಗಿಸಿದರೆ, ಆ ವಿಳಾಸ ಆ್ಯಪಿನಲ್ಲಿ ಸಾಧನದ ವಿವರಗಳ ಕೆಳಗೆ ಸಿಗುತ್ತದೆ. ಅದನ್ನು ನಿಮ್ಮ ಕಾಲೇಜಿನ ನೆಟ್‌ವರ್ಕ್ ವಿಭಾಗಕ್ಕೆ ಕೊಟ್ಟು ಕೇಳಿ. ಅವರು ಒಪ್ಪದಿದ್ದರೆ ಫೋನಿನ ಹಾಟ್‌ಸ್ಪಾಟೇ ಗತಿ. ಐಫೋನ್ 12 ಮತ್ತು ನಂತರದವುಗಳಲ್ಲಿ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಎಂಬ ಆಯ್ಕೆ ಒತ್ತಿದರೆ ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ಗೆ ಬರುತ್ತದೆ. ಫೋನಿನೊಂದಿಗೆ ನೀವು ತರಗತಿಗೆ ಹೋದಾಗ ಸ್ಪೀಕರ್ ಮೂಕವಾಗುತ್ತದೆ, ಕೋಣೆಯ ಸಹವಾಸಿಗೆ ಅದೇ ಹಿತವೆನಿಸಬಹುದು. ಹಾಡು ಮಾತ್ರ ಸಾಕೆಂದಾದರೆ ಬ್ಲೂಟೂತ್ ಸ್ಪೀಕರಿನಂತೆ ಬಳಸಿ. ಒಮ್ಮೆ ಸೆಟಪ್ ಆಗಿ ಫೋನಿಗೆ ಜೋಡಿಸಿದ್ದರೆ ಫೋನಿನ ಹಾಡಿಗೆ ವೈಫೈ ಬೇಕಿಲ್ಲ.

ಪ್ರಶ್ನೆ: ನಮ್ಮ ಗೂಗಲ್ ಸ್ಪೀಕರ್ ಕೇಳಿದ್ದಕ್ಕೆಲ್ಲ ಉತ್ತರಿಸುತ್ತದೆ. ಆದರೆ ಫೋನಿನಿಂದ ಹಾಡು ಕಳಿಸಲು ಹೋದರೆ ಪಟ್ಟಿಯಲ್ಲಿ ಸ್ಪೀಕರಿನ ಹೆಸರೇ ಇರುವುದಿಲ್ಲ. ಮಹಡಿಗೆಂದು ಎರಡನೆಯ ರೂಟರ್ ಹಾಕಿಸಿದ ಮೇಲೆ ಹೀಗಾಗಿದೆ.
— ಓದುಗರೊಬ್ಬರು, ಮಂಗಳೂರು

ಉತ್ತರ: ಪ್ರಶ್ನೆಯ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಸ್ಪೀಕರ್ ಉತ್ತರಿಸುವಾಗ ನೇರವಾಗಿ ಇಂಟರ್ನೆಟ್ ಜೊತೆ ಮಾತನಾಡುತ್ತದೆ, ಅದಕ್ಕೆ ನಿಮ್ಮ ಫೋನಿನ ಹಂಗಿಲ್ಲ. ಹಾಡು ಕಳಿಸುವಾಗ ಫೋನ್ ಮೊದಲು ಮನೆಯೊಳಗೇ ಸ್ಪೀಕರನ್ನು ಹುಡುಕಬೇಕು. ಎಂಡಿಎನ್‌ಎಸ್ ಎಂಬ ವ್ಯವಸ್ಥೆಯಲ್ಲಿ 224.0.0.251 ಎಂಬ ವಿಳಾಸಕ್ಕೆ ಕೂಗು ಹಾಕಿ, ಯಾರಿದ್ದೀರಿ ಎಂದು ಅದು ಕೇಳುತ್ತದೆ. ಈ ಕೂಗು ಒಂದು ರೂಟರಿನ ಜಾಲವನ್ನು ದಾಟಿ ಇನ್ನೊಂದಕ್ಕೆ ಹೋಗುವುದಿಲ್ಲ. ಮಹಡಿಯ ರೂಟರ್ ತನ್ನದೇ ಬೇರೆ ಜಾಲ ಕಟ್ಟಿಕೊಂಡಿರುವುದರಿಂದ, ಫೋನ್ ಒಂದರಲ್ಲಿ ಸ್ಪೀಕರ್ ಇನ್ನೊಂದರಲ್ಲಿ ಇದ್ದಾಗ ಎರಡಕ್ಕೂ ಇಂಟರ್ನೆಟ್ ಸಿಕ್ಕರೂ ಪರಸ್ಪರ ಕಾಣುವುದಿಲ್ಲ.

ಎರಡನೆಯ ರೂಟರಿನ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಆರಿಸಿ. ವಿಳಾಸ ಹಂಚುವ ಕೆಲಸ ಮೊದಲನೆಯ ರೂಟರಿಗೆ ಮಾತ್ರ ಉಳಿದು, ಮನೆಯೆಲ್ಲ ಒಂದೇ ಜಾಲವಾಗುತ್ತದೆ. ಆಮೇಲೂ ಕಾಣದಿದ್ದರೆ ಸ್ಪೀಕರನ್ನೋ ಫೋನನ್ನೋ ಗೆಸ್ಟ್ ವೈಫೈಗೆ ಸೇರಿಸಿದ್ದೀರಾ, ರೂಟರಿನಲ್ಲಿ ಎಪಿ ಐಸೊಲೇಷನ್ ಎಂಬುದು ಆನ್ ಆಗಿದೆಯೇ ಎಂದು ನೋಡಿ. ಅತಿಥಿಗಳ ಫೋನುಗಳು ಒಂದನ್ನೊಂದು ಇಣುಕದಿರಲೆಂದು ಮಾಡಿದ ಏರ್ಪಾಡು ಅದು. ನಿಮ್ಮದೇ ಸಾಧನಗಳನ್ನೂ ಪರಕೀಯರನ್ನಾಗಿ ಮಾಡುತ್ತದೆ.

ಪ್ರಶ್ನೆ: ಮಗಳು ಅಮೆರಿಕದಿಂದ ತಂದುಕೊಟ್ಟ ಸ್ಪೀಕರ್ ಇಲ್ಲಿ ನಮ್ಮ ವೈಫೈಯನ್ನು ಒಮ್ಮೊಮ್ಮೆ ಕಾಣುತ್ತದೆ, ಒಮ್ಮೊಮ್ಮೆ ಕಾಣುವುದಿಲ್ಲ. ಕಂಡ ದಿನ ಸಮಯ ಕೇಳಿದರೆ ಅಲ್ಲಿಯ ಸಮಯ ಹೇಳುತ್ತದೆ.
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಭಾರತದಲ್ಲಿ 2.4 ಗಿಗಾಹರ್ಟ್ಸ್ ವೈಫೈ 1ರಿಂದ 13ರವರೆಗಿನ ಚಾನೆಲ್‌ಗಳನ್ನು ಬಳಸಬಹುದು. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಸಾಧನಗಳು ಸಾಮಾನ್ಯವಾಗಿ 11ಕ್ಕೆ ನಿಲ್ಲುತ್ತವೆ. ನಿಮ್ಮ ರೂಟರ್ ತಾನಾಗಿ 12 ಅಥವಾ 13ನ್ನು ಆರಿಸಿಕೊಂಡ ದಿನ ಸ್ಪೀಕರಿನ ಪಾಲಿಗೆ ಆ ವೈಫೈ ಇಲ್ಲವೇ ಇಲ್ಲ. ಆಟೋ ಆಯ್ಕೆ ತೆಗೆದು 1, 6 ಅಥವಾ 11ಕ್ಕೆ ಕಟ್ಟಿಹಾಕಿ. ಸಮಯದ ತೊಂದರೆಗೂ ವೈಫೈಗೂ ಸಂಬಂಧವಿಲ್ಲ: ಆ್ಯಪಿನಲ್ಲಿ ಸ್ಪೀಕರಿನ ಸೆಟ್ಟಿಂಗ್ಸ್ ತೆರೆದು ವಿಳಾಸವನ್ನೂ ಟೈಮ್ ಜೋನನ್ನೂ ಬದಲಿಸಬೇಕು. ಸ್ಪೀಕರ್ ಇನ್ನೂ ಮಗಳ ಖಾತೆಯಲ್ಲೇ ನೋಂದಣಿಯಾಗಿದ್ದರೆ, ಅಲ್ಲಿಂದ ಅದನ್ನು ತೆಗೆಯುವವರೆಗೆ ನಿಮ್ಮ ಖಾತೆಗೆ ಅದು ಸೇರದು. ಇದನ್ನು ಅವರು ಅಲ್ಲಿಂದಲೇ ಮಾಡಬಹುದು. ಅಡಾಪ್ಟರಿನ ಮೇಲೆ 100-240 ವೋಲ್ಟ್ ಎಂದು ಬರೆದಿದೆಯೇ ಎಂಬುದನ್ನು ಮೊದಲೇ ನೋಡಿರುತ್ತೀರಿ ಎಂದು ಭಾವಿಸುತ್ತೇನೆ. ಚಪ್ಪಟೆ ಪಿನ್ನಿಗೆ ಸಡಿಲವಾದ ಪರಿವರ್ತಕ ಬಳಸಬೇಡಿ.

ಪ್ರಶ್ನೆ: ವರ್ಷಗಳಿಂದ ಚೆನ್ನಾಗಿದ್ದ ಸ್ಪೀಕರ್ ಒಂದು ದಿನ ಇದ್ದಕ್ಕಿದ್ದಂತೆ ಏನು ಕೇಳಿದರೂ ತೊಂದರೆಯಾಗಿದೆ ಎನ್ನತೊಡಗಿತು. ರೀಸೆಟ್ ಮಾಡುವಷ್ಟರಲ್ಲಿ ಮರುದಿನ ತಾನಾಗಿ ಸರಿಹೋಯಿತು. ಹೀಗೇಕೆ?
— ಓದುಗರೊಬ್ಬರು, ತುಮಕೂರು

ಉತ್ತರ: ನೀವು ಆಡಿದ ಮಾತನ್ನು ಅರ್ಥೈಸುವ ಕೆಲಸದ ಬಹುಭಾಗ ನಡೆಯುವುದು ದೂರದ ಸರ್ವರಿನಲ್ಲಿ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಸರ್ವರ್ ಸೇವೆಯಾದ ಅಮೆಜಾನ್ ವೆಬ್ ಸರ್ವಿಸಸ್‌ನ, ಅಮೆರಿಕದ ಉತ್ತರ ವರ್ಜೀನಿಯಾ ಕೇಂದ್ರಗಳಲ್ಲಿ ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ವ್ಯವಸ್ಥೆ ಕೆಟ್ಟು ಅನೇಕ ಸೇವೆಗಳು ನಿಂತಾಗ ಎಕೋ ಸ್ಪೀಕರಿನಲ್ಲಿ ಮಾತನಾಡುವ ಅಲೆಕ್ಸಾ ಕೂಡ ಹಲವೆಡೆ ಉತ್ತರಿಸಲಿಲ್ಲ. ಅಂದು ಯಾರ ಮನೆಯ ರೂಟರಿನಲ್ಲೂ ದೋಷವಿರಲಿಲ್ಲ.

ಇದಕ್ಕಿಂತ ಪಾಠವಾಗುವಂಥದ್ದು ಅದೇ ವರ್ಷದ ಮಾರ್ಚ್ 9ರ ಸುಮಾರಿಗೆ ನಡೆದದ್ದು. ಹಳೆಯ ಸ್ಪೀಕರಿಗೆ ವೈಫೈ ಕೊಡುವ ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ ಮತ್ತು ಟಿವಿಗೆ ಜೋಡಿಸುವ 2015ರ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್ ಜಗತ್ತಿನೆಲ್ಲೆಡೆ ಒಮ್ಮೆಲೇ ನಿಂತವು. ಸಾಧನ ನಂಬಲರ್ಹವೆಂದು ಸಾರುವ ಡಿಜಿಟಲ್ ಪ್ರಮಾಣಪತ್ರವೊಂದರ ಹತ್ತು ವರ್ಷಗಳ ಅವಧಿ ಮುಗಿದಿತ್ತು. ಫ್ಯಾಕ್ಟರಿ ರೀಸೆಟ್ ಮಾಡಬೇಡಿ ಎಂದು ಗೂಗಲ್ ಬಳಕೆದಾರರಿಗೆ ತಿಳಿಸಿತು. ಕೆಲವೇ ದಿನಗಳಲ್ಲಿ ಪರಿಹಾರ ಬಂದಾಗ, ಸುಮ್ಮನೆ ಇದ್ದವರ ಸಾಧನಗಳು ತಾವಾಗಿ ಸರಿಹೋದವು. ಅವಸರದಲ್ಲಿ ರೀಸೆಟ್ ಮಾಡಿದವರು ಮತ್ತೆ ಸೆಟಪ್ ಮಾಡಲಾಗದೆ ಇನ್ನಷ್ಟು ಕಾಯಬೇಕಾಯಿತು. ಆದ್ದರಿಂದ ಮುಂದಿನ ಸಲ ಹೀಗಾದರೆ ಅದೇ ವೈಫೈನಲ್ಲಿ ಫೋನಿನಿಂದ ಯಾವುದಾದರೂ ಜಾಲತಾಣ ತೆರೆದು ನೋಡಿ. ಅದು ತೆರೆದು, ಆ್ಯಪಿನಲ್ಲಿರುವ ಎಲ್ಲ ಸ್ಪೀಕರುಗಳೂ ಒಟ್ಟಿಗೆ ಕೈಕೊಟ್ಟಿದ್ದರೆ ಒಂದು ದಿನ ಕಾಯಿರಿ.

ಪ್ರಶ್ನೆ: ಮುಂದಿನ ವಾರ ರೂಟರ್ ಬದಲಾಗಲಿದೆ. ಎರಡು ಸ್ಪೀಕರ್, ಹಲವು ಬಲ್ಬು, ಒಂದು ಪ್ಲಗ್ ಎಲ್ಲವನ್ನೂ ಮತ್ತೆ ಸೆಟಪ್ ಮಾಡಬೇಕೇ?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಬೇಡ. ಹೊಸ ರೂಟರಿನ ವೈಫೈಗೆ ಹಳೆಯದರ ಹೆಸರು ಮತ್ತು ಪಾಸ್‌ವರ್ಡನ್ನೇ, ಒಂದಕ್ಷರವೂ ವ್ಯತ್ಯಾಸವಿಲ್ಲದಂತೆ ಕೊಡಿ. ಭದ್ರತೆಯ ಕ್ರಮವೂ ಹಳೆಯದರಲ್ಲಿದ್ದದ್ದೇ ಇರಲಿ. ಬಲ್ಬುಗಳಿಗಾಗಿ 2.4 ಗಿಗಾಹರ್ಟ್ಸ್ ಆನ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ರೂಟರ್ ಬದಲಾದದ್ದು ಸ್ಪೀಕರುಗಳಿಗೆ ಗೊತ್ತೇ ಆಗುವುದಿಲ್ಲ. ಹಳೆಯ ಪಾಸ್‌ವರ್ಡ್ ಓಣಿಗೆಲ್ಲ ಗೊತ್ತಿರುವ ಕಾರಣಕ್ಕೆ ಬದಲಿಸಲೇಬೇಕಾದರೆ ಮಾತ್ರ ಒಂದು ಭಾನುವಾರವನ್ನು ಬಿಡುವಾಗಿ ಇಟ್ಟುಕೊಳ್ಳಿ. ಸ್ಪೀಕರುಗಳಿಂದ ಆರಂಭಿಸಿ, ಬಲ್ಬುಗಳನ್ನು ಆಮೇಲೆ ನೋಡಿಕೊಳ್ಳಿ.